ಎರಡು ಬಣ್ಣದ ಯೂನಿಫಾರ್ಮ್

ಅಂಗಡಿಯವರು ಅಳತೆ ಟೇಪನ್ನು ಕೊರಳಿನಿಂದ ತೆಗೆದು ಗಿಣಿಯ ಭುಜಕ್ಕೆ ಹಿಡಿದರು, ಎದೆಯ ಸುತ್ತ ಒಮ್ಮೆ ತಂದರು, ಸೊಂಟದಿಂದ ಮೊಣಕಾಲಿಗೆ ಇಳಿಬಿಟ್ಟರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಮೀನುವನ್ನು ನೋಡಿ ಟೇಪನ್ನು ಮತ್ತೆ ಕೊರಳಿಗೇ ಹಾಕಿಕೊಂಡರು.

"ಇವಳನ್ನ ಯಾಕೆ ಅಳೀಲಿ? ಅದೇ ಅಚ್ಚು. ಅವಳಿ ಅಲ್ವಾ?"

"ಹೌದು," ಎಂದ ಮಕ್ಕಳ ಅಪ್ಪ.

"ಎರಡೂ ಒಂದೇ ಸ್ಕೂಲು ತಾನೆ? ಎರಡೆರಡು ಜೊತೆ ನೀಲಿ ಚೆಕ್ಸ್ ತೆಗೀತೀನಿ. ಸ್ವಲ್ಪ ದೊಡ್ಡದೇ ಇರಲಿ, ಬೆಳೆಯೋ ಮಕ್ಕಳು."

ಶಾಲೆ ತೆರೆಯುವ ಮುಂಚಿನ ಶನಿವಾರ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, ಸೂರಿನವರೆಗೆ ಪೇರಿಸಿದ ರಟ್ಟಿನ ಡಬ್ಬಗಳು, ಒಂದೊಂದರ ಅಂಚಿನಲ್ಲೂ ಒಂದೊಂದು ಶಾಲೆಯ ಹೆಸರು. ಯಾರದೋ ಮಗ ತೋಳು ಉದ್ದವಾದ ಅಂಗಿಯೊಳಗೆ ಕೈಗಳನ್ನು ಕಳೆದುಕೊಂಡು ಬಿಕ್ಕುತ್ತಿದ್ದ. ಬೆಳಿಗ್ಗೆ ಹೆಂಡತಿ ತನ್ನ ಮೆಡಿಕಲ್ ಶಾಪಿನ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಅವನ ಕಿವಿಯಲ್ಲೇ ಇತ್ತು: "ಗಿಣಿಗೆ ನೀಲಿ ಚೆಕ್ಸ್, ಮೀನುಗೆ ಮೆರೂನ್. ಎರಡೂ ಅದೇ ಅಂಗಡೀಲಿ ಸಿಗುತ್ತೆ, ವಿಚಾರಿಸಿದ್ದೀನಿ. ನೀವು ಬಾಯಿ ಬಿಟ್ಟು ಕೇಳಬೇಕು, ಅಷ್ಟೆ."

ಅಷ್ಟೆ. ಆ ಅಷ್ಟೇ ಆಗಲಿಲ್ಲ. ಅಂಗಡಿಯವರು ಏಣಿ ಹತ್ತಿದರು, ನೀಲಿ ಡಬ್ಬ ಇಳಿಸಿದರು. ಮಕ್ಕಳಿಬ್ಬರೂ ತೊಟ್ಟ ಫ್ರಾಕಿನ ಮೇಲೆಯೇ ಅಂಗಿ, ಲಂಗ ಏರಿಸಿಕೊಂಡು ಕನ್ನಡಿಯ ಮುಂದೆ ನಿಂತರು. ಕನ್ನಡಿಯಲ್ಲಿದ್ದ ಇಬ್ಬರಲ್ಲಿ ತಾನು ಯಾರೆಂದು ಮೀನುವಿಗೇ ಗೊತ್ತಾಗದೆ, ಒಂದು ಕೈ ಎತ್ತಿ ಪರೀಕ್ಷಿಸಿಕೊಂಡು ನಕ್ಕಳು. ಅವನಿಗೂ ನಗು ಬಂತು. ಹೀಗೇ ಇದ್ದುಬಿಡಲಿ ಅನ್ನಿಸಿತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ಕಟ್ಟಿ ಕೊಡಿ," ಎಂದುಬಿಟ್ಟ.

ಗಿಣಿ ಹುಟ್ಟಿದ್ದು ಮೀನುವಿಗಿಂತ ಒಂದು ಗಳಿಗೆ ಮೊದಲು. ಆ ಒಂದು ಗಳಿಗೆಯ ಹಿರಿತನವನ್ನು ಅವಳು ಯಾವತ್ತೂ ಬಿಟ್ಟುಕೊಟ್ಟವಳಲ್ಲ. ಎದ್ದಾಗಿನಿಂದ ಮಲಗುವ ತನಕ ಬಾಯಿ ಮುಚ್ಚದಿದ್ದುದರಿಂದ ಗಿಣಿ. ಸ್ನಾನ ಮಾಡಿಸುವಾಗ ಕೈಯಿಂದ ಜಾರಿ ಜಾರಿ ಹೋಗುತ್ತಿದ್ದುದರಿಂದ ಇನ್ನೊಬ್ಬಳು ಮೀನು. ಆ ಹೆಸರು ಇಟ್ಟಾಗ ಅವಳ ಕಿವಿಯ ವಿಷಯ ಯಾರಿಗೂ ತಿಳಿದಿರಲಿಲ್ಲ. ತಿಳಿದ ಮೇಲೆ ಹೆಸರು ಬದಲಿಸಲು ಯಾರಿಗೂ ಮನಸ್ಸು ಬರಲಿಲ್ಲ. ಡಾಕ್ಟರ ಬಳಿ ಅಲೆದದ್ದಾಯಿತು. ಕಿವಿಗೆ ಮಷಿನ್ ಹಾಕಿ ವರ್ಷಗಟ್ಟಲೆ ನೋಡಿದ್ದಾಯಿತು. ಮೀನು ಅದನ್ನು ಕಿತ್ತು ಬೊಂಬೆಯ ಕಿವಿಗೆ ಸಿಕ್ಕಿಸುತ್ತಿದ್ದಳು.

ಅಪ್ಪನದು ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡರೆ ಸಾಕು, ಒಳಗಿನ ರೋಗ ಹೇಳುತ್ತಿದ್ದ. ಶಬ್ದದಿಂದಲೇ ಅನ್ನ ದುಡಿಯುವವನಿಗೆ ಮಗಳಿಗೆ ಶಬ್ದವೇ ಇಲ್ಲವೆಂಬುದು ತಲೆಗೆ ಹತ್ತಿದರೂ ಎದೆಗಿಳಿದಿರಲಿಲ್ಲ. ಮೀನು ಬೆನ್ನು ಹಾಕಿ ಆಡುತ್ತಿರುವಾಗ, ಹೆಂಡತಿಯ ಕಣ್ಣು ತಪ್ಪಿಸಿ, ಸ್ಪ್ಯಾನರನ್ನು ನೆಲಕ್ಕೆ ಬೀಳಿಸುತ್ತಿದ್ದ. ಮೆಲ್ಲಗೆ ಹೆಸರು ಕೂಗುತ್ತಿದ್ದ. ಆಮೇಲೆ ಜೋರಾಗಿ. ಒಂದು ಸಲ ಅವಳು ತಿರುಗಿಬಿಟ್ಟಳು. ಅವನು ಕುಣಿದಾಡುತ್ತ ಅಡುಗೆಮನೆಗೆ ಓಡಿ ಹೇಳಿದ. ಹೆಂಡತಿ ಹೊರಗೆ ಬಂದು, ಮೀನುವಿನ ಎದುರಿನ ಗೋಡೆಯ ಮೇಲೆ ಬಿದ್ದಿದ್ದ ಅವನ ನೆರಳನ್ನು ನೋಡಿ, ಒಳಗೆ ಹೋದಳು.

ಮಕ್ಕಳಿಬ್ಬರ ನಡುವೆ ಕೈಮಾತೊಂದು ತಾನಾಗಿಯೇ ಹುಟ್ಟಿ ಬೆಳೆದಿತ್ತು. ಹೆಂಡತಿ ಅದನ್ನು ಅವರಿಂದಲೇ ಕಲಿತಳು. ಅವನು ಕಲಿಯಲಿಲ್ಲ. ಕೈಯಲ್ಲೇ ಎಲ್ಲ ನಡೆದುಹೋದರೆ ಮಗು ಬಾಯಿ ತೆರೆಯುವುದೇ ಇಲ್ಲವೆಂದು ಯಾರೋ ಗಿರಾಕಿ ಹೇಳಿದ್ದನ್ನು ಗಂಟು ಹಾಕಿಕೊಂಡುಬಿಟ್ಟಿದ್ದ. ಬಾ, ಉಣ್ಣು, ಮಲಗು ಎಂಬಷ್ಟಕ್ಕೆ ಸನ್ನೆ. ಮಿಕ್ಕಿದ್ದಕ್ಕೆಲ್ಲ ಅವಳ ಗಲ್ಲ ಹಿಡಿದು, ತುಟಿ ಅಗಲಿಸಿ ಅಗಲಿಸಿ ಮಾತಾಡುತ್ತಿದ್ದ. ಮೀನು ಸ್ವಲ್ಪ ಹೊತ್ತು ಅವನ ಹಲ್ಲುಗಳನ್ನು ಕುತೂಹಲದಿಂದ ನೋಡಿ, ನಂತರ ಗಿಣಿಯ ಕಡೆ ತಿರುಗುತ್ತಿದ್ದಳು. ಗಿಣಿ ಎರಡು ಕೈ ಆಡಿಸಿದರೆ ಕೆಲಸ ಮುಗಿಯುತ್ತಿತ್ತು.

ಶನಿವಾರ ಸಂಜೆ ಹೆಂಡತಿ ಕೆಲಸದಿಂದ ಬರುವ ಹೊತ್ತಿಗೆ ಎರಡು ನೀಲಿ ಯೂನಿಫಾರ್ಮುಗಳು ಮಂಚದಿಂದ ಬಾಗಿಲಿಗೂ ಬಾಗಿಲಿಂದ ಮಂಚಕ್ಕೂ ಕವಾಯತು ನಡೆಸಿದ್ದವು. ಅವಳು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. ಕೈಕಾಲು ತೊಳೆದು, ಅಡುಗೆಮನೆಗೆ ಹೋಗಿ, ಮಾತು ಗಿಣಿಗೆ ಕೇಳದ ಹಾಗೆ ನಲ್ಲಿ ತಿರುಗಿಸಿಟ್ಟು, "ಸ್ವಲ್ಪ ಬನ್ನಿ ಇಲ್ಲಿ," ಎಂದಳು.

"ಅಂಗಡಿಯವರೇ ಎರಡು ತೆಗೆದುಬಿಟ್ರು," ಎಂದ ಅವನು.

"ಅವರು ತೆಗೆದ್ರು. ನಿಮಗೆ ಬಾಯಿ ಇರಲಿಲ್ವಾ?"

"ನೋಡು, ಒಂದು ವರ್ಷ ಅಲ್ಲೇ ಹಾಕಿ ನೋಡೋಣ. ಪಕ್ಕದಲ್ಲಿ ಗಿಣಿ ಇರ್ತಾಳೆ, ಎಲ್ಲಾ ಹೇಳಿಕೊಡ್ತಾಳೆ. ಇಬ್ಬರನ್ನ ಯಾಕೆ ಬೇರೆ ಮಾಡಬೇಕು?"

"ಗಿಣಿ ಸ್ಕೂಲಿಗೆ ಹೋಗೋದು ಓದೋಕಾ, ತಂಗಿಗೆ ಕಿವಿ ಆಗೋಕಾ?"

ನಲ್ಲಿಯ ನೀರು ಪಾತ್ರೆ ತುಂಬಿ ಹರಿಯುತ್ತಿತ್ತು.

"ಮೀನುಗೆ ಆ ಸ್ಕೂಲು ನೋಡ್ಕೊಂಡು ಬರೋಣ ಅಂತ ಎಷ್ಟು ಸಲ ಕರೆದೆ? ಪ್ರತಿ ಸಲಾನೂ ನಿಮಗೆ ಒಂದು ಮೋಟಾರ್ ಸುಟ್ಟಿರ್ತಿತ್ತು. ನಾನೊಬ್ಬಳೇ ಅವಳನ್ನ ಕರ್ಕೊಂಡು ಹೋದೆ, ಸೇರಿಸಿ ಬಂದೆ. ನಿಮ್ಮ ಮೀನು ಅಲ್ಲಿ ಇಡೀ ಮಧ್ಯಾಹ್ನ ನನ್ನ ಕೈ ಹಿಡೀಲಿಲ್ಲ ಗೊತ್ತಾ? ಆ ಮಕ್ಕಳ ಮಧ್ಯೆ ಹಿಡಿಯೋಕೆ ಅವಳಿಗೆ ಪುರುಸೊತ್ತಿರಲಿಲ್ಲ." ಅವಳು ನಲ್ಲಿ ನಿಲ್ಲಿಸಿದಳು. ದನಿ ತಗ್ಗಿತು. "ನಂಗೇನು ಆಸೆ ಇಲ್ವಾ ಇಬ್ಬರೂ ಒಂದೇ ಗೇಟಲ್ಲಿ ಹೋಗಲಿ ಅಂತ? ನಾಳೆ ಹೋಗಿ ಬದಲಾಯಿಸಿಕೊಂಡು ಬನ್ನಿ. ಮೀನುನ ಕರ್ಕೊಂಡು ಹೋಗಿ. ಗಿಣಿ ಬರಲ್ಲ. ನೀವಿಬ್ಬರೇ."

ಭಾನುವಾರ ಬೆಳಿಗ್ಗೆ ಅಂಗಡಿಯವರು ಬೀಗ ತೆಗೆಯುತ್ತಿದ್ದಂತೆಯೇ ಅವರಿಬ್ಬರೂ ಮೆಟ್ಟಿಲ ಮೇಲಿದ್ದರು. ಮೀನು ನೀಲಿ ಅಂಗಿಯನ್ನು ಬಿಚ್ಚಲು ಒಪ್ಪದೆ ತೊಟ್ಟೇ ಬಂದಿದ್ದಳು. ಇನ್ನೊಂದು ಜೊತೆ ಚೀಲದಲ್ಲಿತ್ತು.

"ಏನಾಯ್ತು? ದೊಡ್ಡದಾಯ್ತಾ?" ಅಂಗಡಿಯವರು ಕೇಳಿದರು.

"ಇಲ್ಲ..." ಅವನು ಸುತ್ತ ನೋಡಿದ. ಆಗಲೇ ಇನ್ನೊಂದು ಸಂಸಾರ ಒಳಗೆ ಬಂದಿತ್ತು. "ಇವಳಿಗೆ ಬೇರೆ ಸ್ಕೂಲು."

"ಯಾವುದು?"

ನಾಲ್ಕು ವರ್ಷ ಡಾಕ್ಟರುಗಳು ಹೇಳಿದ್ದನ್ನು, ಹೆಂಡತಿ ಹೇಳಿದ್ದನ್ನು, ಅಕ್ಕಪಕ್ಕದವರು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡಿದ್ದನೇ ಹೊರತು ತನ್ನ ಬಾಯಿಂದ ಒಮ್ಮೆಯೂ ಆಡಿರಲಿಲ್ಲ.

"ಇವಳಿಗೆ ಕಿವಿ ಕೇಳಿಸಲ್ಲ," ಎಂದ. "ಕಿವಿ ಕೇಳಿಸದ ಮಕ್ಕಳ ಸ್ಕೂಲಿದೆಯಲ್ಲ, ಅದರ ಬಟ್ಟೆ ಕೊಡಿ."

ಆಕಾಶ ಕಳಚಿ ಬೀಳಲಿಲ್ಲ. ಅಂಗಡಿಯವರು "ಓ, ಮೆರೂನಾ," ಎಂದು ಏಣಿಯನ್ನು ಇನ್ನೊಂದು ಗೋಡೆಗೆ ಒರಗಿಸಿದರು. "ನಿನ್ನೇನೇ ಹೇಳಬಾರದಿತ್ತಾ? ಇವತ್ತು ಈ ಸೈಜಲ್ಲಿ ಎರಡೇ ಉಳಿದಿರೋದು. ಒಳ್ಳೆ ಬಟ್ಟೆ ಇದು, ಬಣ್ಣ ಬಿಡಲ್ಲ. ಎರಡು ಜೇಬು ಬೇರೆ."

ಆದರೆ ನೀಲಿ ಅಂಗಿಯ ಗುಂಡಿಗೆ ಅವನು ಕೈ ಹಾಕಿದ್ದೇ ತಡ, ಮೀನು ಕಿರುಚಿದಳು. ತನ್ನ ಅಳು ಎಷ್ಟು ಜೋರೆಂದು ಅವಳಿಗೇ ಗೊತ್ತಿರಲಿಲ್ಲ. ಆ ದನಿಗೆ ಏರಿಳಿತವಿರಲಿಲ್ಲ, ಎಲ್ಲಿ ನಿಲ್ಲಬೇಕೆಂಬ ಅಂದಾಜಿರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಮಂಡಿಯೂರಿ ಕೂತು ಗಲ್ಲ ಹಿಡಿದ. "ಮೀನು, ನೋಡು, ಇದು ನಿನ್ನ ಸ್ಕೂಲ್ದು, ಅದು ಗಿಣೀದು..." ತುಟಿ ಅಗಲಿಸಿದ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಅಲ್ಲಿಗೆ ಅವನ ಮಾತು ಮುಗಿಯಿತು. ಕಣ್ಣು ಮುಚ್ಚಿದರೆ ಅವಳ ಪಾಲಿಗೆ ಅಪ್ಪನೇ ಇಲ್ಲ.

ತೆರೆದಾಗಲಾದರೂ ಏನು ಹೇಳುವುದು? ಬಾ, ಉಣ್ಣು, ಮಲಗು ಇಷ್ಟು ಹಿಡಿದುಕೊಂಡು ಎರಡು ಶಾಲೆಗಳ ವಿಷಯ ಹೇಗೆ ಹೇಳುವುದು? ಅವನು ಎರಡು ಬೆರಳನ್ನು ಎರಡು ದಿಕ್ಕಿಗೆ ನಡೆಸಿ ತೋರಿಸಿದ. ಬೆರಳುಗಳು ದೂರವಾದದ್ದನ್ನು ನೋಡಿ ಅವಳು ಇನ್ನೂ ಜೋರಾಗಿ ಅತ್ತು, ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಕೊನೆಗೆ ಅವನು ಅವಳನ್ನು ನೀಲಿ ಅಂಗಿಯ ಸಮೇತ ಹೆಗಲಿಗೆ ಹಾಕಿಕೊಂಡು, ಮೆರೂನ್ ಬಟ್ಟೆಯ ಚೀಲ ಹಿಡಿದು ಹೊರಬಿದ್ದ. "ಆ ಅಂಗಿ ನಾಳೆ ತಂದುಕೊಡಿ, ಪರವಾಗಿಲ್ಲ," ಎಂದು ಅಂಗಡಿಯವರು ಹಿಂದಿನಿಂದ ಕೂಗಿದರು. ದಾರಿಯುದ್ದಕ್ಕೂ ಅವನ ಕತ್ತಿನ ಮೇಲೆ ಬಿಸಿ ಬಿಸಿ ಉಸಿರು ಬಡಿಯುತ್ತಿತ್ತು.

ಮನೆಯಲ್ಲಿ ಹೆಂಡತಿ ನೆಲದ ಮೇಲೆ ಚಾಪೆ ಹಾಸಿ, ಬಿಳಿ ಬಟ್ಟೆಯ ಪಟ್ಟಿ, ಕತ್ತರಿ, ಸೂಜಿದಾರ, ಅಳಿಸಿಹೋಗದ ಕಪ್ಪು ಪೆನ್ನು ಎಲ್ಲವನ್ನೂ ಹರಡಿಕೊಂಡು ಕೂತಿದ್ದಳು. ಅಂಗಿ, ಲಂಗ, ಕಾಲುಚೀಲ, ಕರವಸ್ತ್ರ ಎಲ್ಲಕ್ಕೂ ಹೆಸರಿರಬೇಕೆಂದು ಎರಡು ಶಾಲೆಯವರೂ ಹೇಳಿದ್ದರು. ಮೀನುವಿನ ಊದಿದ ಕಣ್ಣು, ಗಂಡನ ಪೆಚ್ಚುಮೋರೆ ಎರಡನ್ನೂ ನೋಡಿ ಅವಳು ಚಾಪೆಯ ಮೇಲೆ ಜಾಗ ಮಾಡಿದಳು.

ಗಿಣಿ ಚೀಲಕ್ಕೆ ಕೈ ಹಾಕಿದಳು. "ಎರಡು ಜೇಬಾ! ಅಮ್ಮಾ, ಇವಳಿಗೆ ಎರಡು ಜೇಬು, ನಂಗೆ ಒಂದೇ! ನಂಗೂ ಇದೇ ಬೇಕು, ನಂಗೆ ನೀಲಿ ಬೇಡ!" ಎಂದು ಕಾಲು ಅಪ್ಪಳಿಸಿ, ಅದೇ ಉಸಿರಿನಲ್ಲಿ ಮೀನುವಿಗೂ ಕೈಯಲ್ಲಿ ದೂರು ಹೇಳಿದಳು. ಮೀನು ಬಿಕ್ಕುವುದನ್ನು ನಿಲ್ಲಿಸಿ ಚೀಲದ ಕಡೆ ನೋಡಿದಳು. ಗಿಣಿ ಆಸೆಪಟ್ಟದ್ದರಲ್ಲಿ ಏನೋ ಇರಲೇಬೇಕು. ಮೆರೂನ್ ಲಂಗದ ಒಂದು ಜೇಬಿಗೆ ಬಲಗೈ ಇಳಿಸಿದಳು, ಇನ್ನೊಂದಕ್ಕೆ ಎಡಗೈ. ಹಾಗೇ ಕೂತಳು.

"ನೀವೇ ಬರೀರಿ," ಎಂದು ಹೆಂಡತಿ ಪೆನ್ನು ಮುಂದೆ ಹಿಡಿದಳು. "ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ."

ರಿಪೇರಿಗೆ ಬಂದ ಮೋಟಾರುಗಳಿಗೆ ಗಿರಾಕಿಗಳ ಹೆಸರು ಬರೆದು ಕಟ್ಟಿ ಕಟ್ಟಿ ಅವನ ಅಕ್ಷರ ದುಂಡಗಾಗಿತ್ತು. ಮೊದಲು, ಶಾಲೆಗೆ ಕೊಟ್ಟಿದ್ದ ಗಿಣಿಯ ನಿಜವಾದ ಹೆಸರನ್ನು ಬರೆದ. ಗಿಣಿ ತನಗೆ ಗೊತ್ತಿರುವ ಒಂದೇ ಒಂದು ಅಕ್ಷರವನ್ನು ಗುರುತು ಹಿಡಿದು ಕೂಗಿದಳು. ಆಮೇಲೆ ಇನ್ನೊಂದು ಪಟ್ಟಿ ತೆಗೆದುಕೊಂಡು ಮೀನುವಿನ ನಿಜವಾದ ಹೆಸರು ಬರೆದ. ಆಸ್ಪತ್ರೆಯ ತೊಟ್ಟಿಲ ಬಳಿ ನಿಂತು ಅವನೇ ಆರಿಸಿದ್ದ ಹೆಸರು. ಅದನ್ನೂ ಮೀನು ಎಂಬುದನ್ನೂ ಎಷ್ಟು ಸಾವಿರ ಸಲ ಕೂಗಿದ್ದನೋ. ಕೂಗಿದ್ದೆಲ್ಲ ಅವಳ ಬೆನ್ನಿನ ಆಚೆಗೇ ಉಳಿದಿತ್ತು. ತನಗೊಂದು ಹೆಸರಿದೆ ಎಂದಾದರೂ ಅವಳಿಗೆ ಗೊತ್ತಿದೆಯೇ?

ಮೀನು ಬಗ್ಗಿ ನೋಡುತ್ತಿದ್ದಳು. ಒಂದು ಪಟ್ಟಿ, ಇನ್ನೊಂದು ಪಟ್ಟಿ. ಎರಡೂ ಒಂದೇ ಅಲ್ಲವೆಂದು ಅವಳಿಗೆ ಹೊಳೆಯಿತು. ಹುಬ್ಬು ಗಂಟಿಕ್ಕಿ, ತಪ್ಪು ಮಾಡಿದವನನ್ನು ನೋಡುವಂತೆ ಅಪ್ಪನನ್ನು ನೋಡಿ, ಎರಡರ ಮೇಲೂ ಬೆರಳಿಟ್ಟಳು. ಏನಿದು?

ಅವನು ಅಭ್ಯಾಸದಂತೆ ಅವಳ ಗಲ್ಲದ ಕಡೆ ಕೈ ಚಾಚಿದ. ಗಿಣಿ ತನ್ನ ಲಂಗದ ಜೇಬಿನ ತಕರಾರಿನಲ್ಲಿ ಮುಳುಗಿದ್ದಳು. ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಮಕ್ಕಳು ದಿನಕ್ಕೆ ನೂರು ಸಲ ಮಾಡುವ ಮೀನುವಿನ ಸನ್ನೆಯನ್ನು ಅವನು ನೋಡಿಯೇ ಇದ್ದ. ಅಂಗೈಯನ್ನು ಅಡ್ಡಲಾಗಿ ಹಿಡಿದು, ನೀರಿನಲ್ಲಿ ಹೋಗುವಂತೆ ಅತ್ತಿಂದಿತ್ತ ಬಳುಕಿಸಿದ. ತಂತಿ ಸುತ್ತಿ ಸುತ್ತಿ ಮರಗಟ್ಟಿದ ಕೈ ಮೀನಿನಂತೆ ಬಳುಕಲಿಲ್ಲ, ಮರದ ಹಲಗೆಯಂತೆ ಓಲಾಡಿತು. ಆಮೇಲೆ ಪಟ್ಟಿಯ ಮೇಲಿನ ಅಕ್ಷರಗಳನ್ನು ತೋರಿಸಿದ.

ಮೀನು ಅವನ ಕೈಯನ್ನು ನೋಡಿದಳು. ಅಪ್ಪನಿಗೆ ಇದು ಬರುತ್ತದೆಯೇ ಎಂಬಂತೆ ಮುಖ ನೋಡಿದಳು. ಪಟ್ಟಿ ನೋಡಿದಳು. ತಾನೂ ಅಂಗೈ ಬಳುಕಿಸಿ, ಅಕ್ಷರಗಳ ಮೇಲೆ ಬೆರಳಾಡಿಸಿ, ಕೊನೆಗೆ ತನ್ನ ಎದೆ ಮುಟ್ಟಿಕೊಂಡಳು. ಅವನು ಹೌದೆಂದು ತಲೆಯಾಡಿಸಿದ. ಮತ್ತೆ ಕೇಳಿದಳು. ಮತ್ತೆ ತಲೆಯಾಡಿಸಿದ.

ಆಮೇಲೆ ಅವಳು ಎದ್ದಳು ನೋಡಿ, ಮನೆಯಲ್ಲಿ ಯಾರಿಗೂ ಬಿಡುವು ಕೊಡಲಿಲ್ಲ. ಕಾಲುಚೀಲ ತಂದಳು, ಬಾಚಣಿಗೆ ತಂದಳು, ತಾನು ಉಣ್ಣುವ ಚಮಚ ತಂದಳು, ಬೊಂಬೆ ತಂದಳು. ಎಲ್ಲದಕ್ಕೂ ಹೆಸರಾಗಬೇಕು. ಅವನು ಬರೆದ, ಬರೆದ, ಪಟ್ಟಿ ಅರ್ಧಕ್ಕೆ ಇಳಿಯಿತು. ಕೊನೆಗೆ ತನ್ನ ಹೆಸರಿನ ಒಂದು ತುಂಡನ್ನು ಕಸಿದುಕೊಂಡು ಹೋಗಿ, ಅಂಟು ಹಚ್ಚಿ ಗಿಣಿಯ ತೋಳಿಗೇ ಅಂಟಿಸಿಬಿಟ್ಟಳು.

"ಅಪ್ಪಾ! ನೋಡಪ್ಪಾ ಇವಳನ್ನ! ನಾನೇನು ಇವಳ ಬಾಚಣಿಗೆನಾ?" ಎಂದು ಗಿಣಿ ಬೊಬ್ಬೆ ಹಾಕಿದಳು. ಹಾಕಿದರೂ ಸ್ನಾನಕ್ಕೆ ಕರೆಯುವ ತನಕ ಕೀಳಲಿಲ್ಲ. ಹೆಂಡತಿ ಮೆರೂನ್ ಅಂಗಿಯ ಕತ್ತಿನ ಒಳಗೆ ಹೊಲಿಗೆ ಹಾಕುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸುವಾಗ ಅವಳು ನಗುತ್ತಿದ್ದಳೋ ಇಲ್ಲವೋ ಅವನಿಗೆ ಸರಿಯಾಗಿ ಕಾಣಲಿಲ್ಲ. ಸಂಜೆ, ಯಾರೂ ಹೇಳದೆಯೇ, ಮೀನು ನೀಲಿ ಅಂಗಿ ಬಿಚ್ಚಿ ಮಂಚದ ಮೇಲೆ ಹಾಕಿದ್ದಳು.

ಸೋಮವಾರ ಹೆಂಡತಿ ಗಿಣಿಯನ್ನು ಕರೆದುಕೊಂಡು ಒಂದು ಕಡೆ ಹೊರಟಳು, ಅವನು ಮೀನುವನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಇನ್ನೊಂದು ಕಡೆ. ಬೀದಿಯ ತುದಿಯವರೆಗೂ ಗಿಣಿ ಹಿಂದಕ್ಕೆ ತಿರುಗಿ ತಿರುಗಿ ಕೈಯಲ್ಲಿ ಬುದ್ಧಿಮಾತು ಹೇಳುತ್ತಲೇ ಇದ್ದಳು. ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕು, ಯಾರಾದರೂ ತಳ್ಳಿದರೆ ತಿರುಗಿ ತಳ್ಳು. ತಿರುವು ಬಂದು ಮರೆಯಾದದ್ದೇ ಅವಳು ಅಳಲು ಶುರುಮಾಡಿದಳೆಂದು, ತರಗತಿಯ ಬಾಗಿಲ ತನಕ ಅತ್ತಳೆಂದು, ಆಮೇಲೆ ಹೆಂಡತಿ ಫೋನಿನಲ್ಲಿ ಹೇಳಿದಳು. "ಟೀಚರ್ ಹೆಸರು ಕೇಳಿದ್ರೆ ಬಾಯೇ ಬಿಡಲಿಲ್ಲ ರೀ ನಿಮ್ಮ ಗಿಣಿ."

ಮೀನು ಅಳಲಿಲ್ಲ. ಅವಳ ಶಾಲೆಯ ಹಳದಿ ಗೇಟಿನ ಬಳಿ ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ. ಅಂಗಳದಲ್ಲಿ ಮಕ್ಕಳು ಓಡುತ್ತಿದ್ದರು, ಬೀಳುತ್ತಿದ್ದರು, ಜಗಳಾಡುತ್ತಿದ್ದರು. ಎಲ್ಲರ ಕೈಗಳೂ ಒಂದೇ ಸಮ ಆಡುತ್ತಿದ್ದವು. ನರೆಗೂದಲಿನ ಟೀಚರೊಬ್ಬರು ಗೇಟಿಗೆ ಬಂದರು. ಅವನ ಕಡೆ ತಲೆಯಾಡಿಸಿ, ಮೀನುವಿನ ಎದುರು ಕುಕ್ಕರುಗಾಲಿನಲ್ಲಿ ಕೂತು, ಒಂದು ಬೆರಳನ್ನು ಅವಳ ಕಡೆ ತೋರಿಸಿ ಹುಬ್ಬೇರಿಸಿದರು. ಮೀನು ಅಪ್ಪನ ಮುಷ್ಟಿಯಿಂದ ಕೈ ಬಿಡಿಸಿಕೊಂಡು, ಅಂಗೈ ಅಡ್ಡ ಹಿಡಿದು ಬಳುಕಿಸಿದಳು. ಟೀಚರೂ ಹಾಗೇ ಬಳುಕಿಸಿದರು. ಮುಗಿಯಿತು. ಇಬ್ಬರೂ ಒಳಗೆ ಹೋದರು. ಅವಳು ತಿರುಗಿ ನೋಡುತ್ತಾಳೆಂದು ಅವನು ಕೈ ಎತ್ತಿಕೊಂಡೇ ಸ್ವಲ್ಪ ಹೊತ್ತು ನಿಂತಿದ್ದ, ಆಮೇಲೆ ತಲೆ ಕೆರೆದುಕೊಂಡ.

ಅಂಗಡಿಯಲ್ಲಿ ಆ ದಿನ ಕೆಲಸ ಸಾಗಲಿಲ್ಲ. ಬಿಚ್ಚಿದ ಮೋಟಾರನ್ನು ಬಿಚ್ಚಿದ ಹಾಗೇ ಬಿಟ್ಟು, ಹೊತ್ತಿಗೆ ಮುಂಚೆಯೇ ಹಳದಿ ಗೇಟಿಗೆ ಬಂದು ಕಾದ. ಶಾಲೆ ಬಿಟ್ಟದ್ದಕ್ಕೆ ಗಂಟೆಯೇನೂ ಕೇಳಿಸಲಿಲ್ಲ. ಮಕ್ಕಳು ಇದ್ದಕ್ಕಿದ್ದಂತೆ ಅಂಗಳ ತುಂಬಿಕೊಂಡರು. ಮೀನು ಅವರ ನಡುವಿನಿಂದ ನುಸುಳಿ ಬಂದಳು. ಅಂಗಿಯ ಒಂದು ತುದಿ ಹೊರಗೆ, ಮೊಣಕಾಲಲ್ಲಿ ಮಣ್ಣು. ಬಂದವಳೇ ಚೀಲವನ್ನು ಅವನ ಕಾಲ ಬಳಿ ಎಸೆದು, ಹೇಳಲು ಶುರುಮಾಡಿದಳು.

ಕೈಗಳು ಹಾರಿದವು. ಅವನಿಗೆ ತಲೆಬುಡ ತಿಳಿಯಲಿಲ್ಲ. ಅಭ್ಯಾಸಬಲದಿಂದ ಗಿಣಿಗಾಗಿ ಪಕ್ಕಕ್ಕೆ ನೋಡಿದ. ಪಕ್ಕದಲ್ಲಿ ಗೋಡೆಯಿತ್ತು. ಅವನು ರಸ್ತೆಯ ಬದಿಯಲ್ಲೇ ಮಂಡಿಯೂರಿ ಕೂತ.

ಅವಳು ಒಂದು ಮುಷ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಪಟಕ್ಕನೆ ಬಿಡಿಸಿದಳು. ಮುಚ್ಚಿದಳು, ಬಿಡಿಸಿದಳು. ಹೂವೇ? ಅವನು ಮೂಗಿನ ಬಳಿ ಬೆರಳು ಹಿಡಿದು ಮೂಸಿ ತೋರಿಸಿದ. ಅಲ್ಲ ಎಂದು ತಲೆ ಕೊಡವಿದಳು. ಮಳೆಯೇ? ಅಲ್ಲ. ಮುಚ್ಚಿದಳು, ಬಿಡಿಸಿದಳು, ಕಣ್ಣು ಕಿರಿದು ಮಾಡಿದಳು. ಅವನು ಅವಳ ತಲೆಯ ಮೇಲಿಂದ ಜಗುಲಿಯ ಕಡೆ ನೋಡಿದ. ಬಾಗಿಲ ನೆತ್ತಿಯ ಮೇಲೆ, ಬೇರೆ ಶಾಲೆಗಳಲ್ಲಿ ಗಂಟೆ ಇರುವ ಜಾಗದಲ್ಲಿ, ಕೆಂಪು ಬಲ್ಬೊಂದಿತ್ತು. ಅವನು ಸ್ವಿಚ್ಚು ಒತ್ತಿದಂತೆ ಬೆರಳಾಡಿಸಿ, ತನ್ನ ಮುಷ್ಟಿಯನ್ನು ಎತ್ತಿ ಬಿಡಿಸಿದ.

ಮೀನು ಎರಡು ಕಾಲಲ್ಲೂ ಜಿಗಿದಳು. ಅಪ್ಪನಿಗೆ ಅರ್ಥವಾಯಿತೆಂಬ ಹುರುಪಿಗೆ ಮಿಕ್ಕ ಕಥೆಯನ್ನೆಲ್ಲ ಒಂದೇ ಉಸಿರಿಗೆ ಸುರಿದಳು. ಯಾರೋ ಬಿದ್ದರು, ಯಾರಿಗೋ ಗಡ್ಡವಿತ್ತು, ಏನೋ ದೊಡ್ಡದು, ದುಂಡಗಿನದು, ಅದು ಮೇಲೆ ಹೋಯಿತೋ ಒಡೆಯಿತೋ. ಅವನು ಮತ್ತೆ ಕಳೆದುಹೋದ. ಅಂಗೈಗಳನ್ನು ಮೇಲೆ ಮಾಡಿ, ಗೊತ್ತಾಗಲಿಲ್ಲವೆಂದು ತೋರಿಸಿದ.

ಮೀನು ನಿಲ್ಲಿಸಿದಳು. ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಒಂದು ನಿಟ್ಟುಸಿರು ಬಿಟ್ಟು, ಅವನ ಎರಡೂ ಕೈಗಳನ್ನು ಹಿಡಿದು ಅವನ ಮಡಿಲಲ್ಲೇ ಇರಿಸಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಅವನಿಗೆ ಚೆನ್ನಾಗಿ ಕಾಣುವಂತೆ ನಿಂತು, ಮೊದಲಿನಿಂದ, ನಿಧಾನವಾಗಿ ಹೇಳತೊಡಗಿದಳು.